ಸೋಮವಾರದ ಬೋರ್ಡು

ನಮ್ಮ ಕಂಪನಿಯ ಹಳಬರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ನಮ್ಮ ಸಾಹೇಬರು ನಿವೃತ್ತರಾಗುತ್ತಿದ್ದಾರೆ, ಎಲ್ಲರೂ ಅವರ ಬಗ್ಗೆ ಎರಡೆರಡು ಒಳ್ಳೆಯ ಮಾತು ಬರೆದು ಕಳಿಸಿ, ಪುಸ್ತಕ ಮಾಡಿಸಿ ಕೊಡೋಣ ಅಂತ. ನಾನೂ ಎರಡು ಮಾತು ಕಳಿಸಿದೆ. ಅವರಿಗೆ ಕೆಲಸ ಗೊತ್ತಿತ್ತು, ಒಂದು ದಿನವೂ ತಡವಾಗಿ ಬಂದವರಲ್ಲ. ಅಲ್ಲಿಗೆ ನನ್ನ ಹತ್ತಿರ ಇದ್ದ ಒಳ್ಳೆಯ ಮಾತು ಮುಗಿದವು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇದನ್ನು ಯಾರೂ ಪುಸ್ತಕ ಮಾಡಿಸುವುದು ಬೇಡ.

ವಿಜಯನಗರದ ಸುತ್ತಮುತ್ತ ಮನೆ, ಅಂಗಡಿ, ಕ್ಲಿನಿಕ್ಕುಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು. ಅವರು ಅಲ್ಲಿ ಕ್ವಾಲಿಟಿ ಇನ್‌ಚಾರ್ಜ್. ಅಂದರೆ ನಾವು ಹಾಕಿದ ಫೈಬರ್ ಕನೆಕ್ಷನ್ ಸರಿಯಾಗಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ನಾನು ಮಗನನ್ನು ಶಾಲೆಗೆ ಸೇರಿಸಿದ ಮೇಲೆ, ಎಂದೋ ಓದಿದ್ದ ಐಟಿಐ ಸರ್ಟಿಫಿಕೇಟಿನ ಧೂಳು ಕೊಡವಿಕೊಂಡು ಟೆಕ್ನಿಷಿಯನ್ ಆಗಿ ಸೇರಿದೆ. ಹನ್ನೊಂದು ಜನ ಗಂಡಸರ ನಡುವೆ ನಾನೊಬ್ಬಳೇ ಹೆಂಗಸು.

ಮೊದಲ ದಿನವೇ ಅವರ ಕೈಗೆ ಸಿಕ್ಕಿಬಿದ್ದೆ. ಕನೆಕ್ಟರಿನ ತುದಿಯನ್ನು ಬಾಯಿಂದ ಉಫ್ ಅಂತ ಊದಿ ಪೋರ್ಟಿಗೆ ಸೇರಿಸಲು ಹೋದೆ. ಮನೆಯಲ್ಲಿ ಟಿವಿ ರಿಮೋಟಿನ ಸೆಲ್ ಊದಿ ಹಾಕುವುದಿಲ್ಲವೇ, ಹಾಗೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಆ ತುದಿಯನ್ನು ಸ್ಕೋಪಿಗೆ, ಅಂದರೆ ಪರದೆಯಿರುವ ಪುಟ್ಟ ಸೂಕ್ಷ್ಮದರ್ಶಕಕ್ಕೆ ಇಟ್ಟು, ಹನ್ನೊಂದು ಜನರನ್ನೂ ಕರೆದು ಪರದೆ ತೋರಿಸಿದರು. ಗಾಜಿನ ಮೇಲೆ ನನ್ನ ಉಗುಳಿನ ಹನಿಗಳು ದೊಡ್ಡ ದೊಡ್ಡದಾಗಿ ಕಾಣುತ್ತಿದ್ದವು.

"ನಿಮ್ಮ ಎಂಜಲನ್ನ ಕಸ್ಟಮರ್‌ಗೆ ಯಾಕೆ ಬಡಿಸ್ತೀರಮ್ಮಾ?" ಅಂದರು.

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ, ನನಗೆ ಇವತ್ತಿಗೂ ಸಹಿಸಲಾಗದ್ದು ಅದೇ. ತಪ್ಪು ಹೇಳಿ ಬೈಯುವವನನ್ನು ಮನೆಗೆ ಹೋಗಿ ಶಪಿಸಬಹುದು, ಸರಿ ಹೇಳಿ ಮಾನ ಕಳೆಯುವವನನ್ನು ಏನು ಮಾಡುವುದು?

ಕೆಲಸದ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಫೈಬರ್ ಅಂದರೆ ಕೂದಲೆಳೆಯಂಥ ಗಾಜು, ಅದರೊಳಗೆ ಬೆಳಕು ಓಡುತ್ತದೆ. ಎರಡು ತುದಿಗಳನ್ನು ಎದುರುಬದುರಾಗಿ ಒತ್ತಿ ಕೂರಿಸಿದರೆ ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಆ ತುದಿಗೆ ನಮ್ಮಲ್ಲಿ ಮುಖ ಅಂತಲೇ ಹೆಸರು. ಮುಖದ ಮೇಲೆ ಕಣ್ಣಿಗೆ ಕಾಣದಂಥ ಒಂದು ಧೂಳಿನ ಕಣ ಕೂತರೂ ಸಾಕು, ಬೆಳಕು ಸೋರಿ ಯಾರದೋ ಮನೆಯ ವಿಡಿಯೋ ಸುತ್ತುತ್ತ ನಿಲ್ಲುತ್ತದೆ. ಆ ಕಣ ಗಟ್ಟಿಯದಾಗಿದ್ದರೆ ಇನ್ನೂ ಕಷ್ಟ. ಎರಡು ಮುಖ ಒತ್ತಿದಾಗ ಅದು ಗಾಜಿನಲ್ಲಿ ಗುಂಡಿ ತೋಡುತ್ತದೆ. ಗುಂಡಿ ಬಿದ್ದ ಮೇಲೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ, ತುದಿ ಕತ್ತರಿಸಿ ಬೇರೆಯದು ಹಾಕಬೇಕು. ಆದ್ದರಿಂದ ಮೊದಲು ಸ್ಕೋಪಿನಲ್ಲಿ ನೋಡಬೇಕು, ಒರೆಸಬೇಕು, ಮತ್ತೆ ನೋಡಬೇಕು, ಆಮೇಲೆ ಸೇರಿಸಬೇಕು. ಇದನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. "ಒರೆಸೋದು ಕೈ ಕೆಲಸ, ನೋಡೋದು ತಲೆ ಕೆಲಸ" ಅನ್ನುವುದು ಅವರ ಮಂತ್ರ. ಇದನ್ನು ಹೇಳುವಾಗ ನಮ್ಮ ತಲೆಗಳ ಕಡೆ ಒಂದು ನೋಟ ಬೀರುತ್ತಿದ್ದರು, ಅಲ್ಲಿ ಏನೂ ಇಲ್ಲ ಅನ್ನುವ ಹಾಗೆ.

ದಾವಣಗೆರೆ ಕಡೆಯವರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಇಸ್ತ್ರಿಯ ಗೆರೆ ಕೆಡದ ತಿಳಿನೀಲಿ ಅಂಗಿ, ಸೊಂಟದಲ್ಲಿ ಸ್ಕೋಪಿನ ಚೀಲ. ಯಾರ ಬೈಕಿನ ಹಿಂದೆಯೂ ಕೂರುತ್ತಿರಲಿಲ್ಲ, ಸೀಟಿನ ಮೇಲೆ ಧೂಳಿರುತ್ತದಂತೆ. ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಕಾಫಿ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚು ನೋಡಿ, ಕರ್ಚೀಫಿನಿಂದ ಒಂದು ಸುತ್ತು ಒರೆಸಿ, ಮತ್ತೊಮ್ಮೆ ನೋಡಿ ಕುಡಿಯುತ್ತಿದ್ದರು. ಅವರು ಬರುವುದು ಕಂಡರೆ ಕಾಫಿ ಕೌಂಟರಿನವನು, ತಗೊಳ್ರಪ್ಪ, ಲೋಟದ ಡಾಕ್ಟ್ರು ಬಂದ್ರು ಅನ್ನುತ್ತಿದ್ದ. ನಮ್ಮ ಗೃಹಪ್ರವೇಶಕ್ಕೂ ಬಂದಿದ್ದರು. ಊಟಕ್ಕೆ ಕೂರುವ ಮೊದಲು ಹಾಲಿನ ಮೂಲೆಯಲ್ಲಿದ್ದ ರೌಟರಿನ ಮೇಲೆ ಬೆರಳು ಸವರಿ, ಬೆರಳನ್ನು ನನ್ನತ್ತೆಗೆ ತೋರಿಸಿ, ಹೊಸ ಮನೆ ಅಂದ್ರಿ ಅಂದರು. ನನ್ನತ್ತೆ ನನ್ನನ್ನು ಬಿಟ್ಟು ಇನ್ನೊಬ್ಬರನ್ನು ಜೀವನದಲ್ಲಿ ಅಷ್ಟು ದ್ವೇಷಿಸಿದ್ದು ನಾನು ನೋಡಿಲ್ಲ.

ಇಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಸೋಮವಾರದ ಬೋರ್ಡು ಮಾತ್ರ ಹೊಟ್ಟೆಗೆ ಹಾಕಿಕೊಳ್ಳುವಂಥದ್ದಲ್ಲ.

ಆಫೀಸಿನ ಎರಡನೇ ಮಹಡಿಯಲ್ಲಿ, ನೀರಿನ ಕ್ಯಾನಿನ ಪಕ್ಕ ಒಂದು ಹಸಿರು ಬೋರ್ಡ್ ಹಾಕಿಸಿದ್ದರು. ವಾರವಿಡೀ ರಸ್ತೆಬದಿಯ ಪೆಟ್ಟಿಗೆಗಳಿಗೆ ಹೋಗಿ ನಮ್ಮ ಕನೆಕ್ಷನ್ನುಗಳನ್ನು ತಪಾಸಣೆ ಮಾಡುವರು. ಕೆಟ್ಟ ಮುಖ ಸಿಕ್ಕರೆ ಸ್ಕೋಪಿನಲ್ಲೇ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ಕೆಂಪು ಪೆನ್ನಿನಲ್ಲಿ ಟೆಕ್ನಿಷಿಯನ್ನಿನ ಹೆಸರು ಬರೆದು ಅಂಟಿಸುವರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಸೇರಬೇಕು. ಹೆಸರಿದ್ದವನು ತನ್ನ ಫೋಟೋದ ಕೆಳಗೆ ನಿಂತು, "ನನ್ನ ಕೊಳಕಿನಿಂದ ಇಂಥವರ ಮನೆಯ ನೆಟ್ ಹೋಯಿತು" ಅಂತ ಗ್ರಾಹಕರ ಹೆಸರು ಹೇಳಿ ಓದಬೇಕು. ಮಕ್ಕಳನ್ನು ಬೆಳೆಸಿದ ಗಂಡಸರು ಕೈಕಟ್ಟಿ ನಿಂತು ನನ್ನ ಕೊಳಕಿನಿಂದ ಅಂತ ಓದುತ್ತಿದ್ದರು. ಓದಿದ ಮೇಲೆ ಅವರು ಹ್ಞೂಂ ಅನ್ನುತ್ತಿದ್ದರು. ನಾನು ನಾಲ್ಕು ಸಲ ಓದಿದ್ದೇನೆ. ಮನೇಜರಿಗೆ ಹೇಳೋಣ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದೆವು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬೋರ್ಡು ಬಂದ ಮೇಲೆ ದೂರುಗಳು ಕಮ್ಮಿಯಾಗಿವೆ ಅಂತ ಮನೇಜರಿಗೂ ಖುಷಿ ಇತ್ತು.

ಆ ಬೋರ್ಡಿನ ಕೆಳಗೆ ಅತಿ ಹೆಚ್ಚು ನಿಂತವರು ಈರಣ್ಣ. ಬಾಗಲಕೋಟೆ ಕಡೆಯವರು, ನಲವತ್ತು ದಾಟಿದವರು. ಊರಲ್ಲಿ ಹದಿನೈದು ವರ್ಷ ಕೇಬಲ್ ಟಿವಿ ಕೆಲಸ ಮಾಡಿ, ಅದು ಕೈಬಿಟ್ಟ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಸಹಳ್ಳಿಗೆ ಬಂದು ಬಾಡಿಗೆಗಿದ್ದರು. ನಮ್ಮಲ್ಲಿ ಕಾಂಟ್ರಾಕ್ಟ್ ಮೇಲೆ ಸೇರಿದ್ದರು. ಒಂದು ವರ್ಷ ಕೆಲಸ ಚೆನ್ನಾಗಿದ್ದರೆ ಕಾಯಂ ಮಾಡುತ್ತೇವೆ ಅಂದಿದ್ದರು. ಈರಣ್ಣ ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಕನೆಕ್ಟರ್ ಸೇರಿಸುವ ಮೊದಲು ಉಸಿರು ಹಿಡಿಯುತ್ತಿದ್ದರು. ತಮ್ಮ ಉಸಿರು ಕೂಡ ಗಾಜಿನ ಮೇಲೆ ಬೀಳಬಾರದು ಅಂತ. ಟಕ್ ಅಂತ ಕೂತ ಮೇಲೆ, ಆತ್ರಿ ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ಉಸಿರು ಬಿಡುತ್ತಿದ್ದರು.

ಚಂದ್ರಾ ಲೇಔಟಿನ ಒಂದು ಪೆಟ್ಟಿಗೆ ಈರಣ್ಣನ ಪಾಲಿಗಿತ್ತು. ಅದರಿಂದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಲೈನ್ ಹೋಗುತ್ತಿತ್ತು. ಆ ಲ್ಯಾಬಿನಿಂದ ದೂರು ಶುರುವಾಯಿತು. ಈರಣ್ಣ ಹೋಗಿ ತುದಿ ಬದಲಾಯಿಸಿ ಬಂದರು. ನಮ್ಮ ಸಾಹೇಬರು ಹೋಗಿ ತಮ್ಮ ಟೆಸ್ಟ್ ಕೇಬಲ್ ಸೇರಿಸಿ ತಪಾಸಣೆ ಮಾಡಿದರು, ಅಳತೆ ಕೆಟ್ಟದಾಗಿ ಬಂತು, ಮುಖ ನೋಡಿದರೆ ಗುಂಡಿ. ಸೋಮವಾರ ಬೋರ್ಡಿಗೆ ಹತ್ತಿತು. ಈರಣ್ಣ ಮತ್ತೆ ಬದಲಾಯಿಸಿದರು. ಮತ್ತೆ ದೂರು, ಮತ್ತೆ ತಪಾಸಣೆ, ಮತ್ತೆ ಗುಂಡಿ. ದೂರು ಬಂದಷ್ಟೂ ತಪಾಸಣೆ ಹೆಚ್ಚಾಯಿತು, ತಪಾಸಣೆ ಹೆಚ್ಚಾದಷ್ಟೂ ದೂರು. ಪಕ್ಕದ ಲೈನುಗಳೂ ಒಂದೊಂದಾಗಿ ಕೆಟ್ಟವು. ಒಂಬತ್ತು ಸೋಮವಾರ ಈರಣ್ಣ ಓದಿದರು. ಪ್ರತಿ ಸಲವೂ, ನಾ ನೋಡೇ ಹಾಕೀನ್ರಿ ಸಾಹೇಬ್ರ ಅನ್ನುತ್ತಿದ್ದರು. ಪ್ರತಿ ಸಲವೂ ಸಾಹೇಬರು, ನೋಡಿದ್ರೆ ಇದೇನು ಅಂತ ಫೋಟೋಗೆ ಬೆರಳು ಬಡಿಯುತ್ತಿದ್ದರು. ಕೊನೆಕೊನೆಗೆ ಈರಣ್ಣ ಫೋಟೋ ನೋಡುವುದನ್ನು ಬಿಟ್ಟು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಲ್ಯಾಬಿನವರು ಬೇರೆ ಕಂಪನಿಗೆ ಹೋಗುತ್ತೇವೆ ಅಂದರು. ಮುಂದಿನ ಸೋಮವಾರ ಈರಣ್ಣನ ವಿಚಾರ ತೀರ್ಮಾನ ಆಗುತ್ತದೆ ಅಂತ ಸುದ್ದಿ ಹಬ್ಬಿತು.

ಶುಕ್ರವಾರ ಮಧ್ಯಾಹ್ನ ನೀರು ಕುಡಿಯಲು ಹೋದವಳು ಬೋರ್ಡಿನ ಮುಂದೆ ನಿಂತೆ. ಎಷ್ಟೋ ಸಲ ನಿಂತಿದ್ದೆ, ಆದರೆ ನನ್ನ ಹೆಸರಿದೆಯೇ ಅಂತ ನೋಡಲು ಮಾತ್ರ. ಅವತ್ತು ಫೋಟೋಗಳನ್ನು ನೋಡಿದೆ. ಈರಣ್ಣನ ಒಂಬತ್ತು, ಬೇರೆಯವರ ಐದಾರು. ಪ್ರತಿಯೊಂದು ದುಂಡು ಮುಖದಲ್ಲೂ ಗುಂಡಿ ಒಂದೇ ಜಾಗದಲ್ಲಿತ್ತು. ಗಡಿಯಾರದಲ್ಲಿ ಎರಡು ಗಂಟೆ ಬರೆದಿರುವ ಕಡೆ. ಆಕಾರವೂ ಒಂದೇ, ಮುರಿದ ಅಕ್ಕಿಕಾಳಿನ ಹಾಗೆ. ನಮ್ಮ ಕನೆಕ್ಟರುಗಳ ಮೇಲೆ ಒಂದು ಏಣು ಇರುತ್ತದೆ, ಅದು ಒಂದೇ ದಿಕ್ಕಿನಲ್ಲಿ ಮಾತ್ರ ಕೂರುತ್ತದೆ. ಧೂಳು ಎಲ್ಲಿ ಬೇಕಾದರೂ ಬೀಳಬಹುದು, ಹತ್ತು ಹದಿನೈದು ಕಡೆ ಲೆಕ್ಕ ಹಾಕಿಕೊಂಡು ಅದೇ ಜಾಗದಲ್ಲಿ ಬೀಳುವುದಿಲ್ಲ. ಯಾವುದೋ ಒಂದೇ ಮುಖ ಹೋಗಿ ಇವೆಲ್ಲವನ್ನೂ ಮುಟ್ಟಿ ಬಂದಿದೆ. ಎಲ್ಲ ಪೋರ್ಟುಗಳಿಗೂ ಹೋಗಿ ಬರುವುದು ಒಂದೇ ಒಂದು, ಬೆಳಕು ಅಳೆಯಲು ಸಾಹೇಬರು ಸೇರಿಸುವ ಟೆಸ್ಟ್ ಕೇಬಲ್.

ಆ ಕೇಬಲನ್ನು ಅವರು ಸ್ಟೀಲಿನ ಟಿಫನ್ ಡಬ್ಬಿಯಲ್ಲಿ ಸುತ್ತಿ ಇಡುತ್ತಿದ್ದರು. ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ತುದಿ ಒರೆಸುವುದನ್ನು ನಾವೆಲ್ಲ ನೋಡಿದ್ದೆವು. ಸ್ಕೋಪಿಗೆ ಇಟ್ಟಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಶನಿವಾರ ಅವರು ಊಟಕ್ಕೆ ಹೋದಾಗ ನಾನು ಡಬ್ಬಿ ತೆಗೆದೆ. ಕೇಬಲಿನ ತುದಿಯನ್ನು ಆಫೀಸಿನ ಸ್ಕೋಪಿಗೆ ಇಟ್ಟೆ. ಎರಡು ಗಂಟೆಯ ಕಡೆ ನೋಡಿದೆ, ಸ್ವಚ್ಛ. ನನ್ನ ಬುದ್ಧಿಗೆ ಮಂಕು ಕವಿಯಿತೇ ಅಂದುಕೊಂಡೆ. ಆಮೇಲೆ ಹೊಳೆಯಿತು, ಎದುರುಬದುರು ಕೂರುವಾಗ ಎಡಬಲ ಅದಲುಬದಲಾಗುತ್ತದೆ. ಹತ್ತು ಗಂಟೆಯ ಕಡೆ ನೋಡಿದರೆ ಇತ್ತು. ಮುರಿದ ಅಕ್ಕಿಕಾಳು, ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನನಗೆ ಆ ಕ್ಷಣ ಎಂಥ ಖುಷಿಯಾಯಿತು ಅಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈರಣ್ಣ ನೆನಪಾದದ್ದು ಆಮೇಲೆ.

ಅವರು ಬಂದ ಮೇಲೆ ಪರದೆ ತೋರಿಸಿದೆ. ನೋಡಿದರು. ತಮ್ಮ ಸ್ಕೋಪ್ ತೆಗೆದು ಮತ್ತೆ ನೋಡಿದರು. ಒರೆಸಿದರು, ನೋಡಿದರು. ಮತ್ತೆ ಒರೆಸಿದರು, ಮತ್ತೆ ನೋಡಿದರು. ಬೋರ್ಡಿನ ಹತ್ತಿರ ಹೋಗಿ ಹಿಂದಕ್ಕೆ ಕೈಕಟ್ಟಿ ಒಂದೊಂದೇ ಫೋಟೋ ನೋಡುತ್ತ ನಿಂತರು. ನಾನು ಕಾದೆ. ವಾಪಸು ಬಂದು ಡ್ರಾಯರಿನಿಂದ ಕತ್ತರಿ ತೆಗೆದು ಕೇಬಲನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು.

"ಸೋಮವಾರ ನಾನೇ ಹೇಳ್ತೀನಿ. ನೀವು ಯಾರ ಹತ್ರಾನೂ ಮಾತಾಡಬೇಡಿ" ಅಂದರು.

ನಂಬಿದೆ. ಅವರು ಕೆಟ್ಟವರು ಅಂತ ಗೊತ್ತಿತ್ತು, ಸುಳ್ಳು ಹೇಳುವವರು ಅಂತ ಗೊತ್ತಿರಲಿಲ್ಲ. ಭಾನುವಾರ ಮನೆಯಲ್ಲಿ ಒಬ್ಬಟ್ಟು ಮಾಡಿದೆ. ಏನು ವಿಶೇಷ ಅಂತ ಗಂಡ ಕೇಳಿದರು, ಸುಮ್ಮನೆ ಅಂದೆ. ಆ ಮನುಷ್ಯ ಎಲ್ಲರೆದುರು ನಿಂತು ನನ್ನ ಕೊಳಕಿನಿಂದ ಅಂತ ಓದುವುದನ್ನು ಕೇಳಲು ನಾನು ಸೋಮವಾರ ಅರ್ಧ ಗಂಟೆ ಮೊದಲೇ ಹೋಗಿ ಕೂತೆ.

ಒಂಬತ್ತು ಗಂಟೆಗೆ ಅವರು ಬಂದರು. ಬೋರ್ಡಿನಲ್ಲಿ ಈರಣ್ಣನ ಹತ್ತನೇ ಫೋಟೋ ಇತ್ತು. ಓದಿ ಅಂದರು. ಈರಣ್ಣ ಓದಿದರು. ಆಮೇಲೆ ಅವರು, ಈರಣ್ಣನ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ, ಮನೇಜರ್ ಒಪ್ಪಿದ್ದಾರೆ ಅಂತ ಹೇಳಿ, ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಎಲ್ಲ ಹನ್ನೆರಡು ಜನ ನಿಂತಿದ್ದೆವು. ನಾನು ಬಾಯಿ ತೆರೆದರೆ ಸಾಕಾಗಿತ್ತು. ಆ ಹದಿನೈದು ಫೋಟೋಗಳು ಗೋಡೆಯ ಮೇಲೇ ಇದ್ದವು, ಯಾರು ಬೇಕಾದರೂ ನೋಡಬಹುದಿತ್ತು. ನಾನು ತಲೆ ತಗ್ಗಿಸಿದೆ. ಆ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಪಟ್ಟಿಗೆ ಸಹಿ ಹಾಕುವವರು ಅವರು.

ಬುಧವಾರದ ಹೊತ್ತಿಗೆ ಬೋರ್ಡು ತೆಗೆಸಿದರು. ಇನ್ನು ಇದರ ಅಗತ್ಯ ಇಲ್ಲ ಅಂದರಂತೆ. ಹೊಸ ಟೆಸ್ಟ್ ಕೇಬಲ್ ಬಂತು. ಚಂದ್ರಾ ಲೇಔಟಿನ ದೂರುಗಳು ನಿಂತೇ ಹೋದವು. ಈರಣ್ಣ ಹೋದ ಮೇಲೆ ಎಲ್ಲ ಸರಿಹೋಯ್ತು ನೋಡಿ, ಸಾರ್ ಕಣ್ಣು ಅಂದ್ರೆ ಕಣ್ಣು ಅಂತ ಆಫೀಸಿನಲ್ಲಿ ಮಾತಾಡಿಕೊಂಡರು. ಹದಿನೈದು ದಿನಕ್ಕೆ ನಾನು ಕಾಯಂ ಆದೆ. ಅವರು ತಮ್ಮ ತಪಾಸಣೆಯ ಅರ್ಧ ಪ್ರದೇಶವನ್ನು ನನಗೆ ವಹಿಸಿ, ಒಂದು ಸ್ಕೋಪ್ ಕೊಟ್ಟರು. ಅವತ್ತಿನಿಂದ ನನ್ನನ್ನು ಒಂದು ಸಲವೂ ಗದರಿಸಲಿಲ್ಲ. ಅದಕ್ಕಾಗಿಯೇ ಅವರನ್ನು ಇನ್ನಷ್ಟು ದ್ವೇಷಿಸಿದೆ.

ಐದು ವರ್ಷ ಕಳೆದ ಮೇಲೆ ಬೀಳ್ಕೊಡುಗೆ. ಬಸವೇಶ್ವರನಗರದಲ್ಲಿ ಒಂದು ಛತ್ರದ ಮಹಡಿ ಹಾಲ್. ಶಾಲು, ಹಾರ, ಪುಸ್ತಕ ಎಲ್ಲ ಆಯಿತು. ಒಬ್ಬರಾದ ಮೇಲೆ ಒಬ್ಬರು ಅವರ ಶಿಸ್ತನ್ನು ಹೊಗಳಿದರು. ಸೋಮವಾರ ಕಣ್ಣೀರು ಹಾಕಿದವರೇ ಹೊಗಳಿದರು. ಅವರು ಭಾಷಣದಲ್ಲಿ, ನಾನು ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ ಅಂದರು. ಆ "ಯಾರ ಮನಸ್ಸನ್ನಾದರೂ" ಅನ್ನುವುದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಆಗ ಮೆಟ್ಟಿಲು ಹತ್ತಿ ಈರಣ್ಣ ಬಂದರು. ಯಾರೋ ಹಳಬರು ಹೇಳಿದ್ದರಂತೆ. ತಲೆ ನರೆತಿತ್ತು, ದಪ್ಪ ಚೌಕಟ್ಟಿನ ಕನ್ನಡಕ ಬಂದಿತ್ತು. ಕೈಯಲ್ಲಿ ಊರಿಂದ ತರಿಸಿದ ಕರದಂಟಿನ ಡಬ್ಬಿ. ಸೀದಾ ವೇದಿಕೆಗೆ ಹೋಗಿ ಅದನ್ನು ಅವರ ಕೈಗಿಟ್ಟು ಕಾಲು ಮುಟ್ಟಿದರು. ಅವರು ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿದೀರಾ ಅಂತ ಕೇಳಿದರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಮೈಕು ಸಾಹೇಬರ ಕೈಯಲ್ಲೇ ಇತ್ತು. ಅವರು ಅದನ್ನು ಪಕ್ಕದವರಿಗೆ ಕೊಟ್ಟು, ಊಟ ಮಾಡ್ಕೊಂಡು ಹೋಗಿ ಅಂದರು.

ಕೈತೊಳೆಯುವ ನಲ್ಲಿಯ ಹತ್ತಿರ ಈರಣ್ಣ ನನಗೆ ಸಿಕ್ಕಿದರು. ಕೆಂಗೇರಿ ಹತ್ತಿರ ಒಂದು ಗೋಡೌನಿನಲ್ಲಿ ವಾಚ್‌ಮನ್ ಕೆಲಸವಂತೆ. ಫೈಬರ್ ಬಿಟ್ಟುಬಿಟ್ಟಿರಾ ಅಂತ ಕೇಳಿದೆ. ಎರಡು ಕಂಪನಿಯವರು ಕರೆದಿದ್ದರಂತೆ, ಇವರೇ ಹೋಗಲಿಲ್ಲವಂತೆ. ನೋಡಿ ಹಾಕಿದ್ದೇ ಕೆಟ್ಟಿತು ಅಂದ ಮೇಲೆ ತಮ್ಮ ಕಣ್ಣೇ ಹೋಗಿರಬೇಕು ಅಂತ ಆಸ್ಪತ್ರೆಗೆ ತೋರಿಸಿದರಂತೆ. ಡಾಕ್ಟರು ಕಣ್ಣು ಚೆನ್ನಾಗಿದೆ, ಓದುವುದಕ್ಕೆ ಬೇಕಾದರೆ ಒಂದು ಕನ್ನಡಕ ಹಾಕಿಕೊಳ್ಳಿ ಅಂದರಂತೆ.

"ಡಾಕ್ಟರ್ ಹೇಳಿದ್ದು ನಂಬಲಿಲ್ರಿ ಮೇಡಂ. ಸಾಹೇಬ್ರು ಸುಳ್ಳ ಹೇಳಾವ್ರಲ್ಲ. ಯಾರದರ ಲೈನ್ ಮತ್ತ ಕೆಡಿಸೋದು ಬ್ಯಾಡಂತ ಕೆಲಸಾನ ಬಿಟ್ಟೆ."

ಹೇಳಿಬಿಟ್ಟೆ. ನಲ್ಲಿಯ ನೀರು ಹರಿಯುತ್ತಿತ್ತು, ಹಿಂದೆ ಎಲೆ ಹಾಕುತ್ತಿದ್ದರು, ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಗುಂಡಿಗಳೆಲ್ಲ ಒಂದೇ ಜಾಗದಲ್ಲಿದ್ದದ್ದು, ಟಿಫನ್ ಡಬ್ಬಿ, ಕೇಬಲ್ ಕತ್ತರಿಸಿದ್ದು. ನಿಮ್ಮ ಕೈಯಲ್ಲಿ ಏನೂ ತಪ್ಪಿರಲಿಲ್ಲ, ಕಣ್ಣಿನಲ್ಲೂ ಇರಲಿಲ್ಲ, ಎಲ್ಲ ಆ ಮನುಷ್ಯನದು, ಆತ ಗೊತ್ತಿದ್ದೂ ನಿಮ್ಮನ್ನು ಕಳಿಸಿದ ಅಂದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬಂದು ಎದೆ ಹಗುರಾಗಿತ್ತು. ಈರಣ್ಣ ಸಿಟ್ಟಾಗುತ್ತಾರೆ, ವೇದಿಕೆಗೆ ಹೋಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯುತ್ತಾರೆ ಅಂತ ಕಾದೆ. ಅದನ್ನೇ ಬಯಸಿದ್ದೆ.

ಈರಣ್ಣ ನಲ್ಲಿ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ನಿಮಗ ಇದು ಯಾವಾಗ ಗೊತ್ತಾತ್ರಿ ಮೇಡಂ?" ಅಂತ ಕೇಳಿದರು.

"ಆ ಸೋಮವಾರಕ್ಕೆ ಎರಡು ದಿನ ಮುಂಚೆ" ಅಂದೆ.



"ಹಂಗಾದ್ರ ನಾ ಓದಾಕತ್ತಾಗ ಇಬ್ರಿಗೂ ಗೊತ್ತಿತ್ತು" ಅಂದರು. ಊಟಕ್ಕೆ ಕೂರಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು.